ಕಷ್ಟಕಾಲದ ಕಥೆಗಳೂ ಎಳೆಯ ವಾಚಕರೂ

ವಾಲ್ಮೀಕಿ ಮಹರ್ಷಿಯು ರಾಮಾಯಣವನ್ನು ರಚಿಸಿ ಮುಗಿಸಿದ ಮೇಲೆ ಅದನ್ನು ಯಾರ ಬಾಯಲ್ಲಿಡಬೇಕೆಂದು ಆಲೋಚಿಸಿದನು. ವಿದ್ವಾಂಸರ ಬಾಯಲ್ಲಿಡಲಿಲ್ಲ, ಆಸ್ಥಾನದ ವಂದಿಮಾಗಧರ ಬಾಯಲ್ಲಿಯೂ ಇಡಲಿಲ್ಲ. ತನ್ನ ಆಶ್ರಮದಲ್ಲಿ ಬೆಳೆಯುತ್ತಿದ್ದ ಇಬ್ಬರು ಬಾಲಕರ ಬಾಯಲ್ಲಿಟ್ಟನು. ವನವಾಸ, ಅಪಹರಣ, ಯುದ್ಧ ಮೊದಲಾಗಿ ಆ ಕಾವ್ಯದಲ್ಲಿರುವ ಸಂಕಟಗಳೆಲ್ಲವನ್ನೂ ಕುಶಲವರು ಕಲಿತು ಸಭೆಯಲ್ಲಿ ಹಾಡಿದರು. ತಾವು ಹಾಡುತ್ತಿರುವುದು ತಮ್ಮ ತಂದೆಯ ಚರಿತ್ರೆಯೆಂಬುದನ್ನು ಅರಿಯದೆಯೇ ಹಾಡಿದರೆಂದು ಪರಂಪರೆಯು ಹೇಳುತ್ತದೆ. ಕಳೆದುಹೋದ ಕಾಲದ ದುಃಖವನ್ನು ಮಕ್ಕಳಿಗೆ ತಿಳಿಸಬಹುದೆ, ತಿಳಿಸಬಾರದೆ ಎಂಬ ಪ್ರಶ್ನೆಗೆ ಭಾರತೀಯ ಸಾಹಿತ್ಯವು ತನ್ನ ಆದಿಯಲ್ಲಿಯೇ ಹೀಗೆ ಉತ್ತರವನ್ನು ಕೊಟ್ಟಿದೆ. ಹೇಗೆ ತಿಳಿಸಬೇಕೆಂಬ ಪ್ರಶ್ನೆಯು ಮಾತ್ರ ಪ್ರತಿಯೊಂದು ತಲೆಮಾರಿನ ಗ್ರಂಥಕರ್ತರ ಮುಂದೆಯೂ ಹೊಸದಾಗಿ ಬಂದು ನಿಲ್ಲುತ್ತದೆ.

ಹತ್ತರಿಂದ ಹದಿಮೂರು ವರ್ಷದ ಮಕ್ಕಳು, ಎಂದರೆ ಹಿಂದಿನ ಕಾಲದಲ್ಲಿ ಮಿಡ್ಲ್ ಸ್ಕೂಲಿನ ಮೆಟ್ಟಿಲನ್ನು ಹತ್ತುತ್ತಿದ್ದ ವಯಸ್ಸಿನವರು, ಕಾಗಕ್ಕ ಗುಬ್ಬಕ್ಕನ ಕಥೆಗಳನ್ನು ಬಿಟ್ಟು, ದೊಡ್ಡವರ ಪುಸ್ತಕಗಳನ್ನು ಇನ್ನೂ ಹಿಡಿಯಲಾರದೆ, ನಡುವೆ ನಿಂತಿರುತ್ತಾರೆ. ಇವರಿಗೆ ಐತಿಹಾಸಿಕ ಕಥೆಯಷ್ಟು ಹಿತವಾದ ಆಹಾರವು ಮತ್ತೊಂದಿಲ್ಲ. ಆದರೆ ಆ ಕಥೆಯಲ್ಲಿ ಯುದ್ಧವೋ ಬರವೋ ಸೆರೆಮನೆಯೋ ಬಂದೊಡನೆ ಸುಶಿಕ್ಷಿತರಾದ ತಾಯಿತಂದೆಗಳು ಹಿಂಜರಿಯುವುದುಂಟು. ಈ ಹಿಂಜರಿಕೆಯು ಪ್ರೀತಿಯಿಂದ ಹುಟ್ಟಿದುದೇ ಸರಿ. ಆದರೂ ಕನ್ನಡದ ಮನೆಗಳ ಹಳೆಯ ವಾಡಿಕೆಗೆ ಇದು ಹೊಂದುವುದಿಲ್ಲ. ಹರಿಶ್ಚಂದ್ರನ ಕಥೆಯನ್ನು ಹೇಳುವಾಗ ಲೋಹಿತಾಶ್ವನು ಹಾವು ಕಚ್ಚಿ ಸತ್ತನೆಂಬ ಭಾಗವನ್ನು ಅಜ್ಜಿಯರು ಬಿಟ್ಟು ಹೇಳುತ್ತಿರಲಿಲ್ಲ. ಪುಣ್ಯಕೋಟಿಯು ತನ್ನ ಕರುವನ್ನು ಬಿಟ್ಟು ಹೊರಡುವ ಸಂದರ್ಭದಲ್ಲಿ ಕಣ್ಣೊರಸಿಕೊಳ್ಳದೆ ಬೆಳೆದ ಮಕ್ಕಳು ಈ ನಾಡಿನಲ್ಲಿ ವಿರಳ. ಬಡ ದ್ರೋಣನ ಮಗನಾದ ಅಶ್ವತ್ಥಾಮನು ಹಿಟ್ಟು ಕದಡಿದ ನೀರನ್ನು ಕುಡಿದು ಹಾಲು ಕುಡಿದೆನೆಂದು ಕುಣಿದ ಪ್ರಸಂಗವನ್ನು ಮಹಾಭಾರತವು ಮರೆಮಾಡಿಲ್ಲ. ದುಃಖದ ಕಥೆಯನ್ನು ಕೇಳಿ ಅತ್ತ ಮಗುವು ಅದರಿಂದ ಕೆಡಲಿಲ್ಲ; ಪರರ ನೋವಿಗೆ ಕರಗುವ ಅಭ್ಯಾಸವನ್ನು ಅಲ್ಲಿಂದಲೇ ಪಡೆಯಿತು.

ಹೀಗೆಂದಮಾತ್ರಕ್ಕೆ ಕಷ್ಟಕಾಲವನ್ನು ಚಿತ್ರಿಸುವ ಎಲ್ಲ ಕಥೆಗಳೂ ಮಕ್ಕಳಿಗೆ ತಕ್ಕವೆಂದು ತಿಳಿಯತಕ್ಕದ್ದಲ್ಲ. ಆಲಂಕಾರಿಕರು ಕಾವ್ಯಕ್ಕೆ ದೋಷಗಳನ್ನೆಣಿಸಿದಂತೆ ಈ ಜಾತಿಯ ಕಥೆಗಳಿಗೂ ಮೂರು ದೋಷಗಳನ್ನೆಣಿಸಬಹುದು. ಅನ್ಯರ ಸಂಕಟವನ್ನು ನಾಯಕನ ಸಾಹಸಕ್ಕೆ ರಂಗಸ್ಥಳವಾಗಿ ಮಾಡಿಕೊಳ್ಳುವುದು ಮೊದಲನೆಯದು, ಇದನ್ನು ಅತಿರಂಜನವೆನ್ನಬಹುದು. ಮಹಾಪುರುಷನ ನೆರಳಿನಲ್ಲಿ ಸಾಮಾನ್ಯ ಜನರ ಬಾಳನ್ನು ಮುಚ್ಚಿಬಿಡುವುದು ಎರಡನೆಯದು, ಇದು ಗೋಪನ. ಹಳೆಯ ಕಾಲದ ಹಗೆಯನ್ನು ಹೊಸ ಕಾಲದ ಮಕ್ಕಳ ಕೈಗೆ ಆಯುಧವಾಗಿ ಕೊಡುವುದು ಮೂರನೆಯದು; ಇದು ವೈರೋಪದೇಶ. ಈ ಮೂರಕ್ಕೂ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣಗಳ ನೆಲದಲ್ಲಿಯೇ ಅವು ದೊರೆಯುತ್ತವೆ.

ಮೊದಲನೆಯ ದೋಷಕ್ಕೆ ಒಬ್ಬ ಆಂಗ್ಲ ಗ್ರಂಥಕರ್ತನ ಪುಸ್ತಕವು ನಿದರ್ಶನವಾಗಿದೆ. ಜಾರ್ಜ್ ಆಲ್ಫ್ರೆಡ್ ಹೆಂಟಿಯು (೧೮೩೨–೧೯೦೨) ಯುದ್ಧವಾರ್ತೆಗಳನ್ನು ಬರೆಯುವ ವೃತ್ತಿಯಿಂದ ಹೊರಟು, ಹುಡುಗರಿಗಾಗಿ ನೂರಕ್ಕೂ ಮೇಲ್ಪಟ್ಟು ಪುಸ್ತಕಗಳನ್ನು ಬರೆದವನು. ಆತನ ‘ದಿ ಟೈಗರ್ ಆಫ್ ಮೈಸೂರ್’ ೧೮೯೬ರಲ್ಲಿ ಬೆಳಕು ಕಂಡಿತು. ಅದರ ನಾಯಕನಾದ ಡಿಕ್ ಹಾಲಂಡ್ ಎಂಬ ಹುಡುಗನು ಟಿಪ್ಪು ಸುಲ್ತಾನನ ಸೆರೆಯಲ್ಲಿರಬಹುದಾದ ತಂದೆಯನ್ನು ಹುಡುಕಿಕೊಂಡು ಹಿಂದೂಸ್ಥಾನಕ್ಕೆ ಬರುತ್ತಾನೆ. ಕಾರ್ನ್‌ವಾಲಿಸನ ಸೈನ್ಯವನ್ನು ಸೇರುತ್ತಾನೆ. ವೇಷಧಾರಿಯಾಗಿ ಶ್ರೀರಂಗಪಟ್ಟಣವನ್ನು ಹೊಕ್ಕು, ಅಂತಃಪುರದಲ್ಲಿ ನುಗ್ಗಿದ ಹುಲಿಯಿಂದ ಸ್ತ್ರೀಯರನ್ನು ಕಾಪಾಡಿ, ಅರಮನೆಯಲ್ಲಿ ಅಧಿಕಾರವನ್ನೂ ಪಡೆಯುತ್ತಾನೆ. ಕಡೆಗೆ ಸಾವನದುರ್ಗದಲ್ಲಿ ತಂದೆಯನ್ನು ಕಂಡು ಬಿಡಿಸಿಕೊಂಡು ಹೋಗುತ್ತಾನೆ. ತಂದೆಯನ್ನು ಹುಡುಕುವ ಮಗನೆಂಬ ಕಥಾವಸ್ತುವು ಒಳ್ಳೆಯದು. ಕಥೆಯ ಓಟಕ್ಕೂ ಕುಂದಿಲ್ಲ. ಪುಸ್ತಕವನ್ನು ಹಿಡಿದ ಹುಡುಗನು ಮುಗಿಸದೆ ಕೆಳಗಿಡಲಾರನು.

ಹೀಗಿದ್ದರೂ ಆ ಪುಸ್ತಕದಲ್ಲಿ ಒಂದು ದೊಡ್ಡ ಬರಿದು ಉಂಟು. ಯುದ್ಧವು ನಡೆದ ನೆಲದ ಮೇಲೆ ಬಾಳುತ್ತಿದ್ದವರು ಅದರೊಳಗೆ ಕಥಾಪಾತ್ರಗಳಾಗಿ ಬರುವುದಿಲ್ಲ. ೧೭೯೧ರ ಮೇ ೧೫ರಂದು ಅರಕೆರೆಯ ಬಳಿ ಕಾದಾಟವಾಯಿತು. ಮೇವೂ ಎತ್ತುಗಳೂ ಇಲ್ಲದೆ ಕಂಗೆಟ್ಟ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದನು. ೧೭೯೯ರ ಮಾರ್ಚಿ ೨೭ರಂದು ಹ್ಯಾರಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಮಳವಳ್ಳಿಯ ಬಯಲಿನಲ್ಲಿ ಯುದ್ಧವಾಗಿ, ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಇಷ್ಟನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಈ ಸೈನ್ಯಗಳ ಸಾವಿರಾರು ಎತ್ತುಗಳು ಯಾರ ಬಣವೆಯ ಹುಲ್ಲನ್ನು ಮೇದವು? ರಾಗಿಯ ಹಗೇವುಗಳನ್ನು ಯಾರು ಅಗೆದು ತೆಗೆದರು? ದಾರಿಯ ಹಳ್ಳಿಯ ಮಕ್ಕಳು ಆ ರಾತ್ರಿ ಎಲ್ಲಿ ಮಲಗಿದರು? ಈ ಪ್ರಶ್ನೆಗಳನ್ನು ಕೇಳುವುದು ಕಥೆಗಾರನ ಕೆಲಸ. ಚರಿತ್ರಕಾರನು ದಾಖಲೆಯಿಲ್ಲವೆಂದು ಸುಮ್ಮನಾದ ಎಡೆಯಲ್ಲಿ ಕಥೆಗಾರನು ಸಂಭಾವ್ಯತೆಯ ದೀಪವನ್ನು ಹಿಡಿದು ಒಳಗೆ ಹೋಗತಕ್ಕವನು. ಹೆಂಟಿಯು ಹೋಗಲಿಲ್ಲ. ಅವನ ಎಳೆಯ ವಾಚಕರಿಗೆ ಮೈಸೂರು ಸೀಮೆಯು ಪರಾಕ್ರಮವನ್ನು ತೋರಿಸುವುದಕ್ಕೆ ದೊರೆತ ಒಂದು ಬಯಲಾಯಿತೇ ಹೊರತು ಜನರಿದ್ದ ಊರುಗಳ ನಾಡಾಗಲಿಲ್ಲ.

ಕನ್ನಡದ ಐತಿಹಾಸಿಕ ಕಾದಂಬರಿಯು ಇದಕ್ಕಿಂತ ಬೇರೆಯ ಉದ್ದೇಶದಿಂದ ಹುಟ್ಟಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರನ ಕೃತಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ವಿಜಯನಗರದ ಸ್ಥಾಪನೆಯ ಕಾಲವನ್ನು ಕುರಿತು ‘ಮಾಧವ ಕರುಣಾವಿಲಾಸ’ವನ್ನು ಬರೆದುದಲ್ಲದೆ, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಇವು ಮಕ್ಕಳಿಗೆಂದು ಬರೆದವುಗಳಲ್ಲದಿದ್ದರೂ, ದೊಡ್ಡವರು ಓದಿ ಮಡಿಸಿಟ್ಟ ಪ್ರತಿಗಳನ್ನು ಮಕ್ಕಳು ಅಟ್ಟದ ಮೇಲೆ ಕುಳಿತು ಓದಿದರು. ಸೋತು ಕುಗ್ಗಿದ್ದ ಜನಕ್ಕೆ ತಮ್ಮ ಪೂರ್ವಿಕರ ವೈಭವವನ್ನು ನೆನಪಿಗೆ ತರುವುದು ಆ ಕೃತಿಗಳ ಗುರಿಯಾಗಿತ್ತು. ಆ ಕಾಲಕ್ಕೆ ಅದು ಉಚಿತವೂ ಆಗಿತ್ತು. ಅನಂತರದ ಕಾಲದಲ್ಲಿ, ಮುಖ್ಯವಾಗಿ ೧೯೭೦ರ ದಶಕದಲ್ಲಿ, ಪ್ರೊಫೆಸರ್ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ-ಭಾರತಿ’ ಎಂಬ ಮಾಲೆಯ ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳು ಹೊರಬಂದು, ಕನ್ನಡ ಮಕ್ಕಳ ಕೈಗೆ ಮಹನೀಯರ ಚರಿತ್ರೆಗಳನ್ನು ಸುಲಭವಾದ ಬೆಲೆಗೆ ಕೊಟ್ಟವು. ಸರಳವಾದ ಭಾಷೆ, ಸಣ್ಣ ವಾಕ್ಯ, ಕಿಸೆಯಲ್ಲಿ ಹಿಡಿಯುವ ಗಾತ್ರ ಇವುಗಳಿಂದ ಆ ಮಾಲೆಯು ಮಾಡಿದ ಉಪಕಾರವು ದೊಡ್ಡದು.

ಹೀಗಿದ್ದರೂ ವ್ಯಕ್ತಿಚರಿತ್ರೆಯ ಮಾರ್ಗಕ್ಕೆ ಅದರದೇ ಆದ ಒಂದು ಮಿತಿಯುಂಟು. ಅಲ್ಲಿ ಕಾಲವು ಮಹಾಪುರುಷನಿಗೆ ಹಿನ್ನೆಲೆ. ಬರವು ಬಂದರೆ ಅದು ಆತನ ಔದಾರ್ಯವನ್ನು ತೋರಿಸುವುದಕ್ಕೆ. ಸೆರೆಮನೆ ಬಂದರೆ ಆತನ ಧೈರ್ಯವನ್ನು ತೋರಿಸುವುದಕ್ಕೆ. ಆ ಬರದಲ್ಲಿ ಹಸಿದವಳು, ಆ ಸೆರೆಮನೆಯ ಹೊರಗೆ ಬುತ್ತಿ ಹಿಡಿದು ಕಾದವಳು, ಪುಟದ ಅಂಚಿನಿಂದಾಚೆ ಸರಿದುಹೋಗುತ್ತಾಳೆ. ಇದನ್ನೋದಿದ ಮಗುವು ಚರಿತ್ರೆಯು ಬೇರೆ ಯಾರೋ ದೊಡ್ಡವರಿಗೆ ಒದಗುವ ಸಂಗತಿಯೆಂದು ಭಾವಿಸಿಕೊಳ್ಳುವುದು ಸಹಜ. ಎರಡನೆಯ ದೋಷವೆಂದು ಹೇಳಿದ ಗೋಪನವು ಇದೇ. ಗ್ರಂಥಕರ್ತನಿಗೆ ಸುಳ್ಳು ಹೇಳಬೇಕೆಂಬ ಇಚ್ಛೆಯಿಲ್ಲದಿದ್ದರೂ ಈ ದೋಷವು ತಾನಾಗಿಯೇ ಬಂದು ಸೇರುತ್ತದೆ.

ಮೂರನೆಯ ದೋಷವು ಇವೆರಡಕ್ಕಿಂತಲೂ ಕಠಿನವಾದುದು. ಮಂಡ್ಯದ ಜನರು ಅದನ್ನು ಹತ್ತಿರದಿಂದಲೇ ಬಲ್ಲರು. ಟಿಪ್ಪು ಸುಲ್ತಾನನ ಕಾಲವನ್ನು ಕುರಿತು ಈ ಜಿಲ್ಲೆಯ ಮನೆಗಳಲ್ಲಿ ಒಂದೇ ನೆನಪಿಲ್ಲ. ಆಂಗ್ಲರೊಡನೆ ಕಾದಿ ಕೋಟೆಯ ಬಾಗಿಲಲ್ಲಿ ಮಡಿದ ವೀರನೆಂದು ಹಲವು ಮನೆಗಳಲ್ಲಿ ಆತನನ್ನು ನೆನೆಯುತ್ತಾರೆ. ಮೇಲುಕೋಟೆಯ ಕೆಲವು ಮನೆತನಗಳಲ್ಲಿಯಾದರೋ, ಆತನ ಆಜ್ಞೆಯಿಂದ ತಮ್ಮ ಪೂರ್ವಿಕರು ಹತರಾದರೆಂಬ ನೆನಪಿನಿಂದ, ನರಕಚತುರ್ದಶಿಯ ಹಬ್ಬವನ್ನಾಚರಿಸದ ವಾಡಿಕೆಯುಂಟು. ಈ ಎರಡು ಬಗೆಯ ಮನೆಗಳ ಮಕ್ಕಳೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಆ ಬೆಂಚಿನ ಮುಂದೆ ಯಾವ ಕಥಾಪುಸ್ತಕವನ್ನು ಇಡತಕ್ಕದ್ದು?

ಈ ಪ್ರಶ್ನೆಯನ್ನು ಸುಲಭವಾಗಿ ಬಗೆಹರಿಸಹೊರಟರೆ ಏನಾಗುವುದೆಂಬುದನ್ನು ೨೦೨೩ರ ಮಾರ್ಚಿ ತಿಂಗಳಿನ ಸಂಗತಿಯು ತೋರಿಸಿತು. ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರೆಂಬ ಮಾತು ಹಬ್ಬಿ, ಅವರ ಹೆಸರಿನ ಕಮಾನು ಮಂಡ್ಯದಲ್ಲಿಯೇ ಎದ್ದು ಇಳಿಯಿತು. ಚಲಚ್ಚಿತ್ರವನ್ನು ತೆಗೆಯುವ ಪ್ರಕಟನೆಯೂ ಆಯಿತು. ಆಗ ಆದಿಚುಂಚನಗಿರಿಯ ಪೀಠಾಧಿಪತಿಗಳಾದ ನಿರ್ಮಲಾನಂದನಾಥ ಸ್ವಾಮಿಗಳು ಚಾರಿತ್ರಿಕವಾದ ಆಧಾರವು ಸಾಲದೆಂದು ಹೇಳಿದುದರಿಂದ ಆ ಚಲಚ್ಚಿತ್ರದ ಪ್ರಯತ್ನವು ನಿಂತಿತು. ವಿಮರ್ಶಕರಿಗೆ ಇದರಲ್ಲಿ ರಾಜಕೀಯಕ್ಕಿಂತ ಹೆಚ್ಚಿನ ಪಾಠವೊಂದು ಇದೆ. ಕಲ್ಪನೆಯು ತಾನು ಕಲ್ಪನೆಯೆಂದು ಹೇಳಿಕೊಂಡು ಬಂದರೆ ಸಾಹಿತ್ಯವಾಗುವುದು. ಚರಿತ್ರೆಯ ಅಂಗಿಯನ್ನು ತೊಟ್ಟು ಬಂದರೆ ಮೋಸವಾಗುವುದು. ದೊಡ್ಡವರು ಈ ಭೇದವನ್ನು ತಡವಾಗಿಯಾದರೂ ಕಂಡುಕೊಂಡಾರು. ಹನ್ನೊಂದು ವರ್ಷದ ಹುಡುಗನು ಕಂಡುಕೊಳ್ಳಲಾರನು. ಆದುದರಿಂದ ಮಕ್ಕಳ ಐತಿಹಾಸಿಕ ಕಥೆಯನ್ನು ಬರೆಯುವವನು ಪುಸ್ತಕದ ಕಡೆಯಲ್ಲಿ ಎರಡು ಪುಟಗಳನ್ನು ಮೀಸಲಿಟ್ಟು, ಇಷ್ಟು ನಡೆದುದು, ಇಷ್ಟು ತಾನು ಹೆಣೆದುದು ಎಂದು ಲೆಕ್ಕವನ್ನೊಪ್ಪಿಸಬೇಕು. ಇದರಿಂದ ಕಥೆಯ ರಸವು ಕೆಡುವುದಿಲ್ಲ. ಓದುವ ಮಗುವಿಗೆ ಗೌರವವನ್ನು ಕೊಟ್ಟಂತಾಗುವುದು.

ಹಾಗಾದರೆ ಆ ಕಾಲವನ್ನು ಮುಟ್ಟದೆಯೇ ಬಿಡುವುದು ಮೇಲೇ? ಅದೂ ಅಲ್ಲ. ೧೭೯೨ರ ಕೌಲಿನಂತೆ ಟಿಪ್ಪುವಿನ ಇಬ್ಬರು ಮಕ್ಕಳನ್ನು ಆಂಗ್ಲರು ಒತ್ತೆಯಾಗಿ ಮದರಾಸಿಗೆ ಕೊಂಡೊಯ್ದರು; ಅವರು ತಂದೆಯ ಬಳಿಗೆ ಹಿಂದಿರುಗಿದುದು ೧೭೯೪ರಲ್ಲಿ. ಹಿರಿಯವನಿಗೆ ಸುಮಾರು ಹತ್ತು ವರ್ಷ, ಕಿರಿಯವನಿಗೆ ಸುಮಾರು ಎಂಟು. ಆಂಗ್ಲ ಚಿತ್ರಕಾರರು ಆ ಒಪ್ಪಿಸುವ ದೃಶ್ಯವನ್ನು ತಮ್ಮ ದಳಪತಿಯ ದಯೆಯ ಗುರುತಾಗಿ ಬಣ್ಣಬಣ್ಣವಾಗಿ ಬರೆದರು. ಆನೆಯ ಮೇಲಿಂದ ಇಳಿದ ಆ ಹುಡುಗರಿಗೆ ಆ ರಾತ್ರಿ ಡೇರೆಯಲ್ಲಿ ನಿದ್ರೆ ಬಂದಿತೇ ಎಂಬುದನ್ನು ಚಿತ್ರಪಟವು ಹೇಳುವುದಿಲ್ಲ, ಕಥೆಯು ಹೇಳಬಹುದು. ಅದೇ ಪುಸ್ತಕದಲ್ಲಿ ಮೇಲುಕೋಟೆಯ ಒಂದು ಮನೆಯಲ್ಲಿ ಹಬ್ಬದ ದಿನ ದೀಪವೇಕಿಲ್ಲವೆಂದು ತಾತನನ್ನು ಕೇಳುವ ಹುಡುಗಿಯೊಬ್ಬಳು ಬರಬಹುದು. ಒಬ್ಬನ ಅಳಲಿನಿಂದ ಇನ್ನೊಬ್ಬಳ ಅಳಲು ಸುಳ್ಳಾಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾವುದು ಹೆಚ್ಚೆಂದು ತೂಗಿ ತೋರಿಸಹೊರಟ ಗ್ರಂಥಕರ್ತನು ನ್ಯಾಯಾಧೀಶನಾದಾನು, ಕಥೆಗಾರನಾಗಲಾರನು. ಆ ಇಬ್ಬರು ಮಕ್ಕಳನ್ನೂ ಓದುಗನ ಸ್ನೇಹಿತರನ್ನಾಗಿ ಮಾಡುವ ಶಕ್ತಿಯು ಚರಿತ್ರೆಯ ಪಾಠಕ್ಕಿಲ್ಲ, ಭಾಷಣಕ್ಕಿಲ್ಲ. ಒಳ್ಳೆಯ ಕಥೆಗೆ ಮಾತ್ರ ಉಂಟು.

ದೋಷಗಳನ್ನಿಷ್ಟು ಹೇಳಿದ ಮೇಲೆ ಗುಣವಂತ ಕೃತಿಗಳನ್ನೂ ಹೆಸರಿಸುವುದು ನ್ಯಾಯ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿಯು ೨೦೧೦ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ನೀಡಿತು, ಆ ಪುರಸ್ಕಾರವು ಆರಂಭವಾದುದೂ ಆ ವರ್ಷವೇ. ಮಹಾತ್ಮನನ್ನು ಪೀಠದ ಮೇಲೆ ಕೂರಿಸಿ ಪೂಜಿಸುವ ಬದಲು, ಹೆದರುವ, ತಪ್ಪು ಮಾಡುವ, ತಪ್ಪನ್ನೊಪ್ಪಿಕೊಳ್ಳುವ ಒಬ್ಬ ಪಾಪುವಿನಿಂದ ಅವರು ಕಥೆಯನ್ನು ಹಿಡಿದರು. ಶಿರೋನಾಮೆಯಲ್ಲಿಯೇ ಒಂದು ಅಕ್ಷರವು ಬದಲಾಗಿ ‘ಪಾಪು’ವು ‘ಬಾಪು’ವಾಗುವ ಚಮತ್ಕಾರವಿದೆ, ಮಹಾಪುರುಷನೂ ಒಂದಾನೊಂದು ದಿನ ಓದುಗನಷ್ಟೇ ಎತ್ತರದವನಾಗಿದ್ದನೆಂಬ ಅರ್ಥವು ಅದರಿಂದ ಮಗುವಿಗೆ ಹೊಳೆಯುತ್ತದೆ. ವ್ಯಕ್ತಿಚರಿತ್ರೆಯ ಮಾರ್ಗದಲ್ಲಿಯೇ ಇದ್ದು ಅದರ ಮಿತಿಯನ್ನು ದಾಟಬಹುದೆಂಬುದಕ್ಕೆ ಇದು ಸಾಕ್ಷಿ.

ಮರುವರ್ಷ, ೨೦೧೧ರಲ್ಲಿ, ಅದೇ ಪುರಸ್ಕಾರವು ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ ಸಂದಿತು. ಶರಾವತಿಯ ಲಿಂಗನಮಕ್ಕಿ ಕಟ್ಟೆಯಿಂದ ಮಲೆನಾಡಿನ ಊರುಗಳು ನೀರಿನಡಿಗೆ ಹೋದುದು ಡಿಸೋಜರ ಬಾಳಿನ ವಸ್ತು. ಲೋಕೋಪಯೋಗಿ ಇಲಾಖೆಯಲ್ಲಿದ್ದುಕೊಂಡು ಆ ಕೆಲಸವನ್ನು ಕಣ್ಣಾರೆ ಕಂಡವರು ಅವರು. ದೊಡ್ಡವರಿಗಾಗಿ ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದವರು. ಅದೇ ವಸ್ತುವನ್ನು ಮಕ್ಕಳಿಗೂ ಹೇಳಬಹುದೆಂದು ನಂಬಿದುದು ಅವರ ದೊಡ್ಡತನ. ನಾಡಿಗೆ ವಿದ್ಯುತ್ತು ಬೇಕಾಗಿದ್ದಿತು. ಊರಿನವರಿಗೆ ಊರು ಬೇಕಾಗಿದ್ದಿತು. ಖಳನಿಲ್ಲದ ದುಃಖವೂ ಲೋಕದಲ್ಲಿ ಉಂಟೆಂಬ ಈ ಕಠಿನವಾದ ಸತ್ಯಕ್ಕೆ ಮಕ್ಕಳ ಸಾಹಿತ್ಯದಲ್ಲಿ ಸ್ಥಾನ ದೊರೆತುದು ಸಣ್ಣ ವಿಷಯವಲ್ಲ.

ಈ ಮಾತು ಮಂಡ್ಯಕ್ಕೆ ಇನ್ನೂ ಹತ್ತಿರವಾಗಿ ಸಲ್ಲುತ್ತದೆ. ೧೯೧೧ರಲ್ಲಿ ಆರಂಭವಾಗಿ ೧೯೩೦ರ ದಶಕದ ಮೊದಲಲ್ಲಿ ಮುಗಿದ ಕೃಷ್ಣರಾಜಸಾಗರದ ನೀರು, ಆಗ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಗಿಯ ಹೊಲಗಳನ್ನು ಬತ್ತಕಬ್ಬುಗಳ ಗದ್ದೆಗಳನ್ನಾಗಿ ಮಾಡಿತು. ೧೯೩೩ರಲ್ಲಿ ಸಕ್ಕರೆಯ ಕಾರ್ಖಾನೆಯು ಹುಟ್ಟಿತು. ಈ ಸಮೃದ್ಧಿಯ ಕಥೆಯನ್ನು ಇಲ್ಲಿಯ ಪ್ರತಿಯೊಂದು ಮಗುವೂ ಕೇಳಿದೆ. ಆ ನೀರು ನಿಲ್ಲುವುದಕ್ಕೆ ಹಳೆಯ ಕನ್ನಂಬಾಡಿಯೂ ಅದರ ನೆರೆಯ ಹಲವು ಹಳ್ಳಿಗಳೂ ಮುಳುಗಬೇಕಾಯಿತೆಂಬುದನ್ನು ಎಷ್ಟು ಮಕ್ಕಳು ಕೇಳಿದ್ದಾರೆ? ಮನೆಯ ತೊಲೆಗಳನ್ನು ಬಿಚ್ಚಿ ಗಾಡಿಗೆ ಹೇರಿ, ಊರಬಾವಿಯನ್ನು ಕಡೆಯ ಸಲ ಇಣಿಕಿ ನೋಡಿ ಹೊರಟ ಒಂದು ಸಂಸಾರದ ಕಥೆಯನ್ನು ಓದಿದ ಮಂಡ್ಯದ ಹುಡುಗಿಯು ಮರುದಿನ ನಾಲೆಯ ಏರಿಯ ಮೇಲೆ ನಡೆಯುವಾಗ ನೀರನ್ನು ಬೇರೆಯ ಕಣ್ಣಿನಿಂದ ನೋಡುವಳು. ನೀರಿನ ಮೇಲಿನ ಪ್ರೀತಿಯು ಆಕೆಗೆ ಕಡಮೆಯಾಗದು. ಅದರೊಡನೆ ಋಣವೆಂಬ ಭಾವವೂ ಸೇರುವುದು.

ಇದಕ್ಕೂ ಹಿಂದಿನದು ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ (೧೮೭೬–೭೮). ೧೮೭೧ರ ಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷದ ಸಮೀಪಕ್ಕಿಳಿದಿತ್ತು. ಇಂಥ ಸಂಖ್ಯೆಯು ಮಗುವಿನ ಮನಸ್ಸಿಗೆ ಹತ್ತುವುದಿಲ್ಲ. ಎಂಟು ಲಕ್ಷವೆಂಬುದೂ ಹದಿನೆಂಟು ಲಕ್ಷವೆಂಬುದೂ ಅದಕ್ಕೆ ಒಂದೇ. ಒಂದು ಮನೆಯ ಹಗೇವಿನ ತಳದಲ್ಲಿ ಉಳಿದ ಕಡೆಯ ಬೊಗಸೆ ರಾಗಿಯಾ‌ದರೋ ಅದಕ್ಕೆ ಕಣ್ಣಿಗೆ ಕಟ್ಟಿದಂತೆ ತೋರುವುದು. ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳ ಮೇಲೆ ಮೈಸೂರಿಗೆ ಹೋಗುವ ರೈಲುಹಾದಿಯ ಮಣ್ಣಿನ ಕೆಲಸವು ಈ ಕ್ಷಾಮದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕೆಂದು ಕೈಗೊಂಡ ಕೆಲಸ; ೧೮೮೧-೮೨ರಲ್ಲಿ ಆ ಹಾದಿಯಲ್ಲಿ ಗಾಡಿಯು ಓಡತೊಡಗಿತು. ಮದ್ದೂರಿನ ಸ್ಟೇಷನ್ನಿನಲ್ಲಿ ವಡೆಯನ್ನು ಕೊಂಡು ತಿನ್ನುವ ಬಾಲಕನಿಗೆ ಆ ಹಾದಿಯ ಏರಿಯನ್ನು ಹಸಿದವರ ಕೈಗಳು ಎತ್ತಿದುವೆಂಬ ಅರಿವನ್ನು ಕೊಡಬಲ್ಲ ಕಥೆಯು, ಆತನ ತಿಂಡಿಯ ರುಚಿಯನ್ನು ಕೆಡಿಸದೆಯೇ ಆತನನ್ನು ದೊಡ್ಡವನನ್ನಾಗಿ ಮಾಡುವುದು.

ಕ್ಷಾಮವನ್ನು ಮಕ್ಕಳಿಗೆ ಹೇಳುವ ಬಗೆಗೆ ಹೊರದೇಶದ ಒಂದು ಮಾದರಿಯನ್ನು ಇಲ್ಲಿ ನೆನೆಯಬಹುದು. ಐರ್ಲೆಂಡಿನಲ್ಲಿ ೧೮೪೫ರಿಂದ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಒದಗಿದ ಮಹಾಕ್ಷಾಮವನ್ನು ಕುರಿತು ಮಾರಿಟಾ ಕಾನ್ಲನ್-ಮೆಕೆನ್ನಾ ಎಂಬ ಲೇಖಕಿಯು ೧೯೯೦ರಲ್ಲಿ ‘ಅಂಡರ್ ದಿ ಹಾಥಾರ್ನ್ ಟ್ರೀ’ ಎಂಬ ಪುಸ್ತಕವನ್ನು ಬರೆದಳು. ತಂದೆಯು ಕ್ಷಾಮದ ರಸ್ತೆಕೆಲಸಕ್ಕೆ ಹೋದವನು ಬಾರನು. ತಾಯಿಯು ಅವನನ್ನು ಹುಡುಕಿಕೊಂಡು ಹೋಗುವಳು. ಎಳೆಯ ಕೂಸು ಸತ್ತು ಮರದ ಬುಡದಲ್ಲಿ ಮಣ್ಣಾಗಿದೆ. ಉಳಿದ ಮೂವರು ಮಕ್ಕಳು, ತಾಯಿಯು ಹೇಳಿದ ಕಥೆಗಳಲ್ಲಿ ಮಾತ್ರ ಕೇಳಿದ್ದ ಮುದಿ ಚಿಕ್ಕಜ್ಜಿಯರ ಮನೆಯನ್ನು ಹುಡುಕುತ್ತ ಕಾಲುನಡಿಗೆಯಲ್ಲಿ ಹೊರಡುತ್ತಾರೆ. ಇಷ್ಟೇ ಕಥೆ. ಲೇಖಕಿಯು ಸಾವನ್ನು ಮುಚ್ಚಿಡುವುದಿಲ್ಲ, ಅದನ್ನು ಹಿಗ್ಗಿಸಿ ವರ್ಣಿಸುವುದೂ ಇಲ್ಲ. ಮಕ್ಕಳ ಗಮನವು ಇಂದಿನ ಊಟ, ನಾಳೆಯ ದಾರಿ, ತಂಗಿಯ ಜ್ವರ ಇವುಗಳ ಮೇಲಿರುತ್ತದೆ. ದೇಶದ ದುರವಸ್ಥೆಯು ಆ ದಾರಿಯ ಎರಡು ಮಗ್ಗುಲಲ್ಲಿಯೂ ತಾನಾಗಿಯೇ ಕಾಣುತ್ತದೆ. ಕ್ಷೇಮೇಂದ್ರನು ಔಚಿತ್ಯವೆಂದುದು ಇದನ್ನೇ. ಕರುಣರಸವನ್ನು ಸುರಿಯುವುದಕ್ಕೆ ಎಷ್ಟು ಶಕ್ತಿ ಬೇಕೋ ತಡೆದು ಹಿಡಿಯುವುದಕ್ಕೆ ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕು. ಕಡೆಯಲ್ಲಿ ಮಕ್ಕಳು ಮನೆಯನ್ನು ಮುಟ್ಟುತ್ತಾರೆ. ಕಳೆದುಹೋದುದೆಲ್ಲವೂ ಮರಳಿ ಬರುವುದಿಲ್ಲ. ಎಳೆಯರಿಗೆ ಹೇಳುವ ಕಷ್ಟದ ಕಥೆಯು ಮುಗಿಯತಕ್ಕ ರೀತಿಯು ಇದು. ಸುಳ್ಳು ಸುಖವನ್ನು ಕಟ್ಟಬಾರದು. ಬಾಗಿಲನ್ನು ಪೂರ್ತಿಯಾಗಿ ಮುಚ್ಚಲೂಬಾರದು.

ಈ ಜಿಲ್ಲೆಯ ಮತ್ತೊಂದು ವಸ್ತುವು ಶಿವಪುರ. ಈಶ್ವರದ ಮುಂದಿನ ಸಂವತ್ಸರ ಬಹುಧಾನ್ಯ. ಕ್ಷಾಮವು ಕಳೆದು ಅರವತ್ತು ವರ್ಷಗಳ ಚಕ್ರವು ಒಂದು ಸುತ್ತು ತಿರುಗಿ ಮತ್ತೆ ಬಹುಧಾನ್ಯವೇ ಬಂದಾಗ, ೧೯೩೮ರ ಏಪ್ರಿಲ್ ೧೧ರಂದು, ಮದ್ದೂರಿನ ಮಗ್ಗುಲ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವು ಸೇರಿತು. ಮಂಡ್ಯವು ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ಸರ್ಕಾರದ ನಿಷೇಧವಿದ್ದರೂ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ತ್ರಿವರ್ಣಧ್ವಜವನ್ನೇರಿಸಿ ಬಂಧಿತರಾದರು. ಹದಿನಾಲ್ಕು ದಿನಗಳ ಮೇಲೆ, ಏಪ್ರಿಲ್ ೨೫ರಂದು, ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನರು ಸತ್ತರು. ಮೇ ತಿಂಗಳಿನಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು, ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಗಿ, ಸಂಸ್ಥಾನದ ಧ್ವಜದ ಜೊತೆಯಲ್ಲಿ ತ್ರಿವರ್ಣಕ್ಕೂ ಎಡೆಯಾಯಿತು.

ಇದನ್ನು ಮಕ್ಕಳ ಕಥೆಯಾಗಿಸುವಾಗ ಗ್ರಂಥಕರ್ತನಿಗೆ ಒಂದು ಇಕ್ಕಟ್ಟು ಒದಗುವುದು. ಇಲ್ಲಿ ಎದುರು ನಿಂತವನು ಪರದೇಶದ ಕ್ರೂರಿಯಲ್ಲ. ಕಾಲುವೆಯಲ್ಲಿ ನೀರನ್ನು ತಂದ ಸರ್ಕಾರವೂ ಧ್ವಜವನ್ನು ತಡೆದ ಸರ್ಕಾರವೂ ಒಂದೇ. ಮಹಾರಾಜರ ಪಟಕ್ಕೆ ಹೂವೇರಿಸುತ್ತಿದ್ದ ಮನೆಯಿಂದಲೇ ಮಗನೊಬ್ಬನು ಶಿವಪುರಕ್ಕೆ ಹೊರಟಿದ್ದರೆ, ಹೊಸ್ತಿಲಲ್ಲಿ ತಂದೆಮಕ್ಕಳಿಗೆ ಯಾವ ಮಾತು ನಡೆದೀತು? ತಂದೆಯ ಕೃತಜ್ಞತೆಯೂ ಧರ್ಮವೇ, ಮಗನ ಹಟವೂ ಧರ್ಮವೇ. ಧರ್ಮವು ಅಧರ್ಮದೊಡನೆ ಕಾದುವ ಕಥೆಗಳನ್ನು ಮಕ್ಕಳು ಬೇಕಾದಷ್ಟು ಕೇಳಿರುತ್ತಾರೆ. ಧರ್ಮವು ಧರ್ಮದೊಡನೆಯೇ ತೊಡರಿಕೊಂಡಾಗ ಮನುಷ್ಯನು ಹೇಗೆ ನಡೆದನೆಂಬುದನ್ನು ತೋರಿಸುವ ಕಥೆಯೇ ಹನ್ನೆರಡು ವರ್ಷದ ವಾಚಕನನ್ನು ಬಾಲ್ಯದಿಂದ ಒಂದು ಮೆಟ್ಟಿಲು ಮೇಲಕ್ಕೆ ಕರೆದೊಯ್ಯುವುದು.

ಇಂಥ ಕೃತಿಗಳನ್ನು ಬರೆಯುವವರು ಚರಿತ್ರೆಯ ದೊಡ್ಡ ಸಂಗತಿಗಳಿಗಿಂತಲೂ ಸಣ್ಣ ಸಂಗತಿಗಳಲ್ಲಿ ಎಚ್ಚರವಾಗಿರಬೇಕು. ಕ್ಷಾಮಕಾಲದ ಮಂಡ್ಯವನ್ನು ವರ್ಣಿಸುವಾಗ ನಾಲೆಯ ನೀರನ್ನು ಹರಿಸಿಬಿಟ್ಟರೆ ಕಥೆಯೆಲ್ಲವೂ ಸುಳ್ಳಾಗುವುದು. ಅಂದು ಇದು ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿದ ರಾಗಿಯ ಸೀಮೆ. ಕಾಳನ್ನು ಅಳೆದುದು ಸೇರು, ಕೊಳಗ, ಖಂಡುಗಗಳಲ್ಲಿ. ವರ್ಷವನ್ನು ಎಣಿಸಿದುದು ಸಂವತ್ಸರದ ಹೆಸರಿನಿಂದ. ಭಾಷೆಯೂ ಹಾಗೆಯೇ. ಮಳವಳ್ಳಿಯ ಒಕ್ಕಲಿಗರ ಅಜ್ಜಿಯ ಬಾಯಲ್ಲಿ ಪಾಠಪುಸ್ತಕದ ಕನ್ನಡವನ್ನಿಡುವುದು ಅನುಚಿತ. ಆದರೆ ಆಡುಮಾತನ್ನು ಹಾಸ್ಯಕ್ಕಾಗಿ ಬಳಸುವುದು ಅದಕ್ಕಿಂತಲೂ ಅನುಚಿತ.

ಪುಸ್ತಕವು ಬರುವವರೆಗೆ ಮನೆಗಳು ಸುಮ್ಮನಿರಬೇಕಾದುದಿಲ್ಲ. ಕನ್ನಂಬಾಡಿಯಿಂದ ಎದ್ದು ಬಂದವರ ಮೊಮ್ಮಕ್ಕಳೂ ಶಿವಪುರದ ಬಯಲಿನಲ್ಲಿ ನಿಂತವರ ಮೊಮ್ಮಕ್ಕಳೂ ಈ ತಾಲ್ಲೂಕುಗಳಲ್ಲಿಯೇ ಇದ್ದಾರೆ. ಹಿರಿಯರಿಂದ ಕೇಳಿದ ಮಾತುಗಳು ಅವರ ನೆನಪಿನಲ್ಲಿ ಇನ್ನೂ ಉಳಿದಿವೆ. ಅವನ್ನು ಮಕ್ಕಳಿಂದಲೇ ಕೇಳಿಸಿ, ಮಕ್ಕಳಿಂದಲೇ ಬರೆಯಿಸಿಟ್ಟರೆ ನಾಳೆಯ ಕಥೆಗಾರನಿಗೆ ಅದು ಬೀಜದ ಕಾಳಾಗುವುದು. ಕುಶಲವರು ತಮ್ಮ ಕಥೆಯೆಂದರಿಯದೆ ಹಾಡಿದರು. ಹಾಡನ್ನು ಕೇಳುತ್ತ ಕೇಳುತ್ತ ಸಭೆಯು ಅವರ ಗುರುತು ಹಿಡಿಯಿತು. ಮದ್ದೂರಿನ ರೈಲುಹಾದಿಯ ಪಕ್ಕದಲ್ಲಿಯೂ ಮಂಡ್ಯದ ನಾಲೆಯ ಏರಿಯ ಮೇಲೂ ಆಡುತ್ತಿರುವ ಮಕ್ಕಳಿಗೆ ಅದು ತಮ್ಮ ಕಥೆಯೆಂದು ತಿಳಿಯುವಂತೆ ಹಾಡನ್ನು ಕಲಿಸಿಕೊಡುವ ಕವಿಯು ಈ ಜಿಲ್ಲೆಗೆ ಬೇಗನೆ ದೊರೆಯಲಿ.